ಅಪಮಾನದ ಅಹವಾಲು ಕೇಳುವವರಾರು?

ಶಿರಾಳಕೊಪ್ಪದ ಕಡೆಯಿಂದ ಬಳ್ಳಿಗಾವಿಗೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಕೇದಾರೇಶ್ವರ ಮತ್ತು ತ್ರಿಪುರಾಂತಕ ದೇವಾಲಯಗಳನ್ನು ನೋಡುತ್ತಾರೆ. ಗಂಡಭೇರುಂಡದ ಕಂಬದ ಬಳಿ ಸ್ವಲ್ಪ ಹೊತ್ತು ನಿಂತು, ಅಲ್ಲಮಪ್ರಭುವಿನ ಊರೆಂದು ಹೇಳುವ ಈ ನೆಲವನ್ನು ಕಣ್ತುಂಬಿಕೊಂಡು ಹಿಂತಿರುಗುತ್ತಾರೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದ ತಾಳಗುಂದದವರೆಗೆ ಹೋಗುವವರು ಕಡಿಮೆ. ಅಲ್ಲಿ ಪ್ರಣವೇಶ್ವರ ದೇವಾಲಯದ ಎದುರು ಕದಂಬರ ಕಾಲದ ಒಂದು ಕಲ್ಲಿನ ಕಂಬವಿದೆ. ಐದನೆಯ ಶತಮಾನದ ನಡುವಿನಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಕಾವ್ಯವನ್ನು ಅದರ ಮೇಲೆ ಕೊರೆಯಲಾಗಿದೆ. ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಕಥೆ ನಮಗೆ ತಿಳಿದಿರುವುದು ಮುಖ್ಯವಾಗಿ ಆ ಕಂಬದಿಂದ.

ಕಥೆ ಬಹುಮಂದಿಗೆ ಗೊತ್ತಿರುವಂಥದೇ. ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಹೆಚ್ಚಿನ ಓದಿಗಾಗಿ ಪಲ್ಲವರ ಕಾಂಚಿಗೆ ಹೋಗಿ ಅಲ್ಲಿನ ಘಟಿಕೆಯನ್ನು ಸೇರುತ್ತಾನೆ. ಅಲ್ಲಿ ಪಲ್ಲವರ ಅಶ್ವಸಂಸ್ಥನೊಬ್ಬನೊಂದಿಗೆ ಜಗಳವಾಗುತ್ತದೆ. ಅಶ್ವಸಂಸ್ಥನೆಂದರೆ ಕುದುರೆ ಸವಾರನಿರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಅವಮಾನಿತನಾದ ಮಯೂರಶರ್ಮ ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಪಲ್ಲವರ ಗಡಿಪಡೆಗಳನ್ನು ಸೋಲಿಸಿ, ಶ್ರೀಪರ್ವತದವರೆಗಿನ ಕಾಡು ಸೇರಿ, ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿದ. ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿಕೊಳ್ಳಬೇಕಾಯಿತು. ಇದು ನಡೆದದ್ದು ಸುಮಾರು ಕ್ರಿ. ಶ. 345ರ ಹೊತ್ತಿಗೆ.

ಈ ಪ್ರಸಂಗವನ್ನು ನಾವು ಕನ್ನಡ ನಾಡಿನ ಮೊದಲ ರಾಜಮನೆತನದ ಉದಯದ ಕಥೆಯಾಗಿ ಓದುತ್ತ ಬಂದಿದ್ದೇವೆ. ಅದು ಸರಿಯೇ. ಆದರೆ ಶಾಸನದಲ್ಲಿ ಇನ್ನೂ ಒಂದು ಸಂಗತಿ ಕಾಣುತ್ತದೆ. ಒಂದು ಸಂಸ್ಥೆಯಲ್ಲಿ ಇರಲು ಬಂದ ಪರಸ್ಥಳದ ತರುಣನೊಬ್ಬನಿಗೆ ಬಲವುಳ್ಳವನಿಂದ ಅವಮಾನವಾಯಿತು. ಅವನು ಯಾರಲ್ಲಿಯಾದರೂ ದೂರು ಕೊಟ್ಟನೆಂದಾಗಲಿ, ದೂರು ವಿಚಾರಣೆಯಾಯಿತೆಂದಾಗಲಿ ಶಾಸನ ಹೇಳುವುದಿಲ್ಲ. ಅವಮಾನದಿಂದ ನೇರವಾಗಿ ಕತ್ತಿಗೆ ಹೋಗುತ್ತದೆ ಕಥೆ.

ಮಯೂರಶರ್ಮ ನೌಕರನಾಗಿರಲಿಲ್ಲ, ವಿದ್ಯಾರ್ಥಿಯಾಗಿದ್ದ. ಆದರೂ ಅವನ ಸ್ಥಿತಿ ಇಂದಿನ ಸಾವಿರಾರು ಜನರಿಗೆ ಅಪರಿಚಿತವಲ್ಲ. ಮೂರು ತಿಂಗಳಿಗೆಂದು ಅಂಗಡಿಗೆ ಸೇರಿದ ಹುಡುಗ, ಆರು ತಿಂಗಳಿಗೆಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತ ದಾದಿ, ಹನ್ನೊಂದು ತಿಂಗಳ ಕರಾರಿನ ಶಿಕ್ಷಕಿ, ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಇವರೆಲ್ಲ ಶಿಕಾರಿಪುರದಲ್ಲಿಯೂ ಇದ್ದಾರೆ, ಸೊರಬದಲ್ಲಿಯೂ ಇದ್ದಾರೆ, ಬೆಂಗಳೂರಿನಲ್ಲಂತೂ ಲೆಕ್ಕವಿಲ್ಲದಷ್ಟಿದ್ದಾರೆ. ಮೇಲಿನವರು ನಾಲ್ಕು ಜನರೆದುರು ಬೈಯುತ್ತಾರೆ, ಬೇಕೆಂದೇ ಆಗದ ಕೆಲಸ ಹೇಳುತ್ತಾರೆ, ಪ್ರಶ್ನಿಸಿದರೆ ‘ನಾಳೆಯಿಂದ ಬರಬೇಡ’ ಎನ್ನುತ್ತಾರೆ. ಹೀಗೆ ಮನೆಗೆ ಬಂದವರಿಗೆ ತಟ್ಟಲು ಯಾವ ಬಾಗಿಲಿದೆ? ಈ ಪ್ರಶ್ನೆಗೆ ಕಾನೂನು ಉತ್ತರ ಕಂಡುಕೊಂಡ ರೀತಿಗೆ ಒಂದು ದೀರ್ಘ ಇತಿಹಾಸವಿದೆ. ಅದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ.

ಶಾಸನಗಳ ಕಾಲ

ಬಳ್ಳಿಗಾವಿ ಒಂದು ಕಾಲಕ್ಕೆ ಬನವಾಸಿ ನಾಡಿನ ದೊಡ್ಡ ಪಟ್ಟಣ. ಅಲ್ಲಿನ ಕೋಡಿಯಮಠ ಕಾಳಾಮುಖ ಯತಿಗಳ ಪ್ರಸಿದ್ಧ ವಿದ್ಯಾಕೇಂದ್ರ. 1162ರ ಶಾಸನವೊಂದು ಆ ಮಠವನ್ನು ಬಣ್ಣಿಸುತ್ತ, ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನೂ ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುತ್ತಿದ್ದುದನ್ನೂ ರೋಗಿಗಳಿಗೆ ಔಷಧಿ ಸಿಗುತ್ತಿದ್ದುದನ್ನೂ ಹೇಳುತ್ತದೆ. ಇಷ್ಟು ದೊಡ್ಡ ಸಂಸ್ಥೆ ನಡೆಯಬೇಕಾದರೆ ಪಾಠ ಹೇಳುವವರಲ್ಲದೆ ಅಡುಗೆಯವರು, ನೀರು ಹೊರುವವರು, ಕಸ ತೆಗೆಯುವವರು ಅನೇಕರು ಬೇಕು.

ಆ ಕಾಲದ ದೇವಾಲಯ, ಮಠಗಳಲ್ಲಿ ಕೆಲಸಕ್ಕೆ ಪ್ರತಿಫಲವಾಗಿ ಹೆಚ್ಚಾಗಿ ವೃತ್ತಿ, ಅಂದರೆ ಭೂಮಿಯ ಉತ್ಪನ್ನದಲ್ಲಿ ಪಾಲು, ಸಿಗುತ್ತಿತ್ತು. ಅದನ್ನು ಕಲ್ಲಿನ ಮೇಲೆ ಬರೆಸಿ, ಕೆಡಿಸಿದವನು ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಶಾಪ ಹಾಕಿಸುತ್ತಿದ್ದರು. ಈ ಶಾಪ ಒಂದು ರೀತಿಯ ಉದ್ಯೋಗ ರಕ್ಷಣೆಯೇ. ಆದರೆ ಕಲ್ಲಿನ ಮೇಲೆ ಹೆಸರು ಬರುತ್ತಿದ್ದುದು ದತ್ತಿ ಕೊಟ್ಟವರದು, ಪಡೆದವರದು, ಸಾಕ್ಷಿ ನಿಂತವರದು. ಒಂದು ಹಂಗಾಮಿಗೆ ಬಂದು ಕೂಲಿ ಮಾಡಿ ಹೋದವರ ಪರವಾಗಿ ಕಲ್ಲು ನೆಡಿಸುವವರು ಯಾರು? ಇದೇ ಸೀಮೆಯ ಅಲ್ಲಮ, ಉಡುತಡಿಯ ಅಕ್ಕ ಸೇರಿಕೊಂಡ ಶರಣರ ಬಳಗ ಕಾಯಕಕ್ಕೆ ಗೌರವ ತಂದಿತು. ದುಡಿಮೆ ಕೀಳಲ್ಲ ಎಂಬ ಮಾತು ಹನ್ನೆರಡನೆಯ ಶತಮಾನದಲ್ಲಿಯೇ ಕೇಳಿಬಂತು. ಆ ಗೌರವ ಕಾನೂನಿನೊಳಗೆ ಬರಲು ಮಾತ್ರ ಇನ್ನೂ ಎಂಟು ಶತಮಾನಗಳು ಹಿಡಿದವು.

ಬಿಟ್ಟು ಹೋದವನಿಗೆ ಜೈಲು

ಬ್ರಿಟಿಷರು ದುಡಿಮೆಯ ಬಗ್ಗೆ ಮಾಡಿದ ಮೊದಲ ಕಾನೂನುಗಳಲ್ಲಿ ಒಂದು 1859ರ 13ನೆಯ ಕಾಯಿದೆ. ಮುಂಗಡ ಹಣ ಪಡೆದು ಕೆಲಸ ಬಿಟ್ಟುಹೋದ ಕೆಲಸಗಾರನನ್ನು ಮಾಲೀಕ ಮ್ಯಾಜಿಸ್ಟ್ರೇಟರ ಮುಂದೆ ಎಳೆಯಬಹುದಾಗಿತ್ತು. ಹಣ ಹಿಂದಿರುಗಿಸು ಅಥವಾ ಕೆಲಸ ಮಾಡು ಎಂಬ ಆಜ್ಞೆಯಾಗುತ್ತಿತ್ತು. ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೊಡಗಿನ ಕಾಫಿ ತೋಟಗಳಲ್ಲಿ ಈ ಕಾಯಿದೆ ಬಹಳ ಬಳಕೆಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೂಲಿಕಾರ ಏಕೆ ಬಿಟ್ಟುಹೋದ, ಮೇಸ್ತ್ರಿ ಹೊಡೆದನೆ, ಬೈದನೆ, ಕೂಲಿ ಮುರಿದುಕೊಂಡನೆ ಎಂಬುದು ಆ ಕಾಯಿದೆಯ ಮುಖ್ಯ ಕಾಳಜಿಯಾಗಿರಲಿಲ್ಲ. ಮಾಲೀಕ ತಾನಾಗಿ ಕೆಲಸದಿಂದ ತೆಗೆದುಹಾಕಿದರೆ ಅವನಿಗೆ ಸಜೆಯ ಮಾತೇ ಇರಲಿಲ್ಲ. ಕರಾರು ಇಬ್ಬರದಾದರೂ ಜೈಲು ಒಬ್ಬನಿಗೆ. 1925ರಲ್ಲಿ ಈ ಕಾಯಿದೆಯನ್ನು ರದ್ದುಪಡಿಸುವ ಶಾಸನ ಬಂತು.

ಆ ವೇಳೆಗೆ ಮೈಸೂರು ಸಂಸ್ಥಾನದಲ್ಲಿಯೂ ಕಾರ್ಮಿಕರ ದನಿ ಎದ್ದಿತ್ತು. ಕೋಲಾರದ ಚಿನ್ನದ ಗಣಿಗಳಲ್ಲಿ 1930ರಲ್ಲಿ ಒಂದು ದೊಡ್ಡ ಮುಷ್ಕರ ನಡೆಯಿತು. ಅದರ ಮುಖ್ಯ ಕಾರಣ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಿಕೊಳ್ಳುವ ವ್ಯವಸ್ಥೆ. ಒಂದು ಗಣಿಯಿಂದ ಹೊರಹಾಕಿಸಿಕೊಂಡವನು ಮತ್ತೊಂದು ಗಣಿಯಲ್ಲಿ ಕೆಲಸ ಹುಡುಕುವುದು ಅದರಿಂದ ಕಷ್ಟವಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬೆರಳಚ್ಚು ಕೊಡುವುದೆಂದರೆ ತಮ್ಮನ್ನು ಅಪರಾಧಿಗಳ ಸಾಲಿಗೆ ಸೇರಿಸಿದಂತೆ ಎಂದು ಕಾರ್ಮಿಕರು ಸಿಡಿದೆದ್ದರು. ಕೆಲಸ ಹೋಗುವ ಭಯ, ಮಾನ ಹೋಗುವ ನೋವು ಎರಡೂ ಒಂದೇ ಮುಷ್ಕರದಲ್ಲಿ ಕೂಡಿದ್ದವು. ಈ ಎರಡನ್ನೂ ಕಾನೂನು ಮಾತ್ರ ಬೇರೆ ಬೇರೆ ಮಾಡಿ ನೋಡಿತು. ಕೆಲಸದ ಪ್ರಶ್ನೆಗೆ ಮೊದಲು ಕಿವಿಗೊಟ್ಟಿತು, ಮಾನದ ಪ್ರಶ್ನೆಗೆ ಬಹಳ ತಡವಾಗಿ.

ಒಬ್ಬಂಟಿಯ ವ್ಯಾಜ್ಯ

1947ರ ಏಪ್ರಿಲ್ 1ರಂದು ಜಾರಿಗೆ ಬಂದ ಕೈಗಾರಿಕಾ ವಿವಾದಗಳ ಕಾಯಿದೆ ಮಾಲೀಕನ ಆಜ್ಞೆಯನ್ನು ಪ್ರಶ್ನಿಸುವ ವ್ಯವಸ್ಥೆಯನ್ನು ತಂದಿತು. ಆದರೆ ಅದರಲ್ಲಿ ಒಂದು ತೊಡಕಿತ್ತು. ವಿವಾದವೆಂದರೆ ಕಾರ್ಮಿಕರ ಗುಂಪಿನದು ಎಂಬುದು ನ್ಯಾಯಾಲಯಗಳ ನಿಲುವಾಗಿತ್ತು. ಒಬ್ಬನನ್ನು ತೆಗೆದುಹಾಕಿದರೆ ಸಂಘವೋ ಗಣನೀಯ ಸಂಖ್ಯೆಯ ಸಹೋದ್ಯೋಗಿಗಳೋ ಅವನ ಪರ ನಿಲ್ಲಬೇಕಿತ್ತು. ಅಲ್ಪಾವಧಿಗೆ ಬಂದವನಿಗೆ ಸಂಘವೆಲ್ಲಿ? ಅವನ ಪರ ನಿಂತು ತಮ್ಮ ಕೆಲಸಕ್ಕೆ ಕುತ್ತು ತಂದುಕೊಳ್ಳುವ ಸಹೋದ್ಯೋಗಿಗಳೆಲ್ಲಿ?

1965ರಲ್ಲಿ ಕಾಯಿದೆಗೆ 2ಎ ಎಂಬ ಕಲಮು ಸೇರಿತು. ಒಬ್ಬನೇ ಕಾರ್ಮಿಕನ ವಜಾ ಕೂಡ ಕೈಗಾರಿಕಾ ವಿವಾದವೇ ಎಂದು ಅದು ಸಾರಿತು. 1971ರಲ್ಲಿ ಬಂದ 11ಎ ಕಲಮಿನಿಂದ ಶಿಕ್ಷೆ ತಪ್ಪಿಗೆ ತಕ್ಕದ್ದೆ ಎಂದು ನೋಡುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ ದೊರೆಯಿತು. ಅಷ್ಟಾದರೂ ನ್ಯಾಯಾಲಯದ ಬಾಗಿಲಿನ ಬೀಗ ಸರ್ಕಾರದ ಕೈಯಲ್ಲಿಯೇ ಇತ್ತು. ಸಂಧಾನ ಮುರಿದ ಮೇಲೆ ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸುವುದೋ ಬಿಡುವುದೋ ಸರ್ಕಾರದ ವಿವೇಚನೆಗೆ ಬಿಟ್ಟದ್ದಾಗಿತ್ತು. ಕಡತ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಬಡವನಿಗೆ ಹೋರಾಟದ ಉತ್ಸಾಹವೇ ಉಳಿಯುತ್ತಿರಲಿಲ್ಲ.

ಈ ಬೀಗ ತೆಗೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1988ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯು 10ನೆಯ ಕಲಮಿಗೆ 4ಎ ಎಂಬ ಉಪಕಲಮನ್ನು ಸೇರಿಸಿತು. ವಜಾ ಆದೇಶ ತಲುಪಿದ ಆರು ತಿಂಗಳೊಳಗೆ ಕಾರ್ಮಿಕ ತಾನೇ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದಾಯಿತು. ಸಂಘದ ಬೆಂಬಲ ಬೇಕಿರಲಿಲ್ಲ, ಸರ್ಕಾರದ ಅಪ್ಪಣೆಯೂ ಬೇಕಿರಲಿಲ್ಲ. ಕೇಂದ್ರ ಸರ್ಕಾರ ಇಂತಹ ಅವಕಾಶವನ್ನು ಇಡೀ ದೇಶಕ್ಕೆ ಕೊಟ್ಟದ್ದು 2010ರಲ್ಲಿ. ಎರಡು ದಶಕಗಳಿಗೂ ಮೊದಲೇ ಕರ್ನಾಟಕದ ಕಾರ್ಮಿಕನಿಗೆ ಈ ಬಾಗಿಲು ತೆರೆದಿತ್ತು ಎಂಬುದು ನಾವು ಮರೆಯಬಾರದ ಸಂಗತಿ.

ಕೈಗಾರಿಕೆ ಎಂಬ ಪದದ ಅರ್ಥವನ್ನು ಹಿಗ್ಗಿಸಿದ ಮೊಕದ್ದಮೆಯೂ ನಮ್ಮದೇ. ಬೆಂಗಳೂರು ಜಲಮಂಡಳಿಯ ಕೆಲವು ನೌಕರರಿಗೆ ದುರ್ವರ್ತನೆಯ ಹೆಸರಿನಲ್ಲಿ ದಂಡ ಹಾಕಿ ಹಣ ವಸೂಲು ಮಾಡಲಾಗಿತ್ತು. ತಮ್ಮ ಮಾತು ಕೇಳದೆ ದಂಡ ಹಾಕಿದ್ದು ಸರಿಯಲ್ಲವೆಂದು ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಮಂಡಳಿ ಕೈಗಾರಿಕೆಯೇ ಅಲ್ಲ ಎಂಬ ವಾದ ಬಂತು. 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಆ ವಾದವನ್ನು ತಳ್ಳಿಹಾಕಿತು. ಅದರಿಂದ ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಕ್ಲಬ್ಬುಗಳ ಕೆಲಸಗಾರರಿಗೂ ಕಾರ್ಮಿಕ ಕಾನೂನಿನ ರಕ್ಷಣೆ ದೊರೆಯಿತು. ಕೆಲವೇ ಜನರ ದಂಡದ ಹಣದ ತಕರಾರು ಇಡೀ ದೇಶದ ಕಾನೂನನ್ನು ಬದಲಿಸಿತು.

ಒಂಬತ್ತು ದಿನದ ನೌಕರಿ

ಬಾಗಿಲು ತೆರೆದರೂ ಒಳಗೆ ಹೋದವರನ್ನು ಮೊದಲು ಕೇಳುವ ಪ್ರಶ್ನೆ, ಎಷ್ಟು ದಿನ ಕೆಲಸ ಮಾಡಿದ್ದೀರಿ ಎಂಬುದು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ಕೆಲಸದಿಂದ ಬಿಡಿಸುವಾಗ ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳ, ಜೊತೆಗೆ ಸೇವೆಯ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕೆಂಬುದು ಕಾಯಿದೆಯ ನಿಯಮ. ಇದನ್ನು ತಪ್ಪಿಸಿಕೊಳ್ಳಲು ಮಾಲೀಕರು ಕಂಡುಕೊಂಡ ಸುಲಭೋಪಾಯ, ನೇಮಕದ ಆದೇಶದಲ್ಲಿಯೇ ಮುಕ್ತಾಯದ ದಿನಾಂಕವನ್ನು ಬರೆದುಬಿಡುವುದು.

ಸುಂದರ ಮಣಿ ಪ್ರಕರಣವೆಂದು ಹೆಸರಾದ 1976ರ ತೀರ್ಪು ಇದನ್ನು ನೇರವಾಗಿ ಎದುರಿಸಿತು. ಸ್ಟೇಟ್ ಬ್ಯಾಂಕಿನಲ್ಲಿ ಆಗಾಗ ತಾತ್ಕಾಲಿಕವಾಗಿ ಕೆಲಸ ಮಾಡುತ್ತಿದ್ದ ನೌಕರರೊಬ್ಬರ ಕೊನೆಯ ನೇಮಕ ಬರೀ ಒಂಬತ್ತು ದಿನಗಳದು. ಅವಧಿ ಮುಗಿಯಿತು, ಕೆಲಸವೂ ಮುಗಿಯಿತು, ನಾವು ತೆಗೆದುಹಾಕಿಲ್ಲ ಎಂದಿತು ಬ್ಯಾಂಕು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಅದನ್ನು ಒಪ್ಪಲಿಲ್ಲ. ಯಾವ ಕಾರಣಕ್ಕೇ ಆಗಲಿ ಕೆಲಸ ಕೊನೆಗೊಂಡರೆ ಅದು ಕಾಯಿದೆಯ ಅರ್ಥದಲ್ಲಿ ಕೆಲಸದಿಂದ ಬಿಡಿಸಿದಂತೆಯೇ, ಆದೇಶದೊಳಗೇ ಕೊನೆಯ ದಿನಾಂಕ ಬರೆದಿಟ್ಟ ಮಾತ್ರಕ್ಕೆ ಅದು ಬೇರೆಯಾಗದು ಎಂದು ತೀರ್ಪಿತ್ತರು. ಹಿಂದಿನ ದಿನಗಳನ್ನೆಲ್ಲ ಕೂಡಿ 240 ದಾಟಿದ್ದ ನೌಕರರಿಗೆ ಜಯವಾಯಿತು.

ಮಾಲೀಕ ವರ್ಗಕ್ಕೆ ಇದು ನುಂಗಲಾರದ ತುತ್ತಾಯಿತು. 1984ರಲ್ಲಿ ಸಂಸತ್ತು ಮಾಡಿದ ತಿದ್ದುಪಡಿಯಿಂದ ಕಾಯಿದೆಗೆ ಹೊಸ ವಿನಾಯಿತಿಯೊಂದು ಸೇರಿತು. ನಿಶ್ಚಿತ ಅವಧಿಯ ಕರಾರು ನವೀಕರಣವಾಗದೆ ಮುಗಿದರೆ ಅದನ್ನು ಕೆಲಸದಿಂದ ಬಿಡಿಸಿದಂತೆ ಎಣಿಸಬೇಕಿಲ್ಲ ಎಂದಾಯಿತು. ಅದೇ ವರ್ಷ ಜಾರಿಗೆ ಬಂದ ಮತ್ತೊಂದು ತಿದ್ದುಪಡಿ ಕೆಲವು ನಡವಳಿಕೆಗಳನ್ನು ಅನುಚಿತವೆಂದು ಪಟ್ಟಿಮಾಡಿತು. ಹಗೆ ಸಾಧಿಸಲು ವಜಾ ಮಾಡುವುದು, ಸುಳ್ಳು ಕಾರಣ ಕೊಟ್ಟು ತೆಗೆಯುವುದು, ಕಾಯಂ ನೌಕರರ ಸವಲತ್ತು ತಪ್ಪಿಸಲೆಂದೇ ವರ್ಷಗಟ್ಟಲೆ ಹಂಗಾಮಿಯಾಗಿ ಇಟ್ಟುಕೊಳ್ಳುವುದು ಆ ಪಟ್ಟಿಯಲ್ಲಿವೆ.

ಬೆಳಗಾವಿಯ ಕೇಬಲ್ ಕೂಲಿಗಳು

1984ರ ವಿನಾಯಿತಿಗೆ ಮಿತಿ ಹಾಕಿದ್ದೂ ಕರ್ನಾಟಕದ ಕೂಲಿಗಳೇ. ಎಂಬತ್ತರ ದಶಕದಲ್ಲಿ ಬೆಳಗಾವಿ ಭಾಗದಲ್ಲಿ ದೂರವಾಣಿ ಇಲಾಖೆ ಗುಂಡಿ ತೋಡಲು, ಕೇಬಲ್ ಹಾಕಲು, ಕಂಬ ನೆಡಲು, ತಂತಿ ಎಳೆಯಲು ದಿನಗೂಲಿಗಳನ್ನು ಹಚ್ಚಿಕೊಂಡಿತ್ತು. ಬಳಿಕ ಅವರನ್ನೆಲ್ಲ ಬಿಡಿಸಲಾಯಿತು. ಅದು ಒಂದು ಯೋಜನೆಯ ಕೆಲಸ, ಯೋಜನೆ ಮುಗಿಯಿತು ಎಂಬುದು ಇಲಾಖೆಯ ವಾದ.

2003ರಲ್ಲಿ ನಿಲಜಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೂಲಿಗಳ ಪರ ತೀರ್ಪು ಕೊಟ್ಟಿತು. ಕೆಲಸ ಅಲ್ಪಾವಧಿಯದು ಎಂದು ಆಮೇಲೆ ಹೇಳಿದರೆ ಸಾಲದು. ಸೇರಿಸಿಕೊಳ್ಳುವಾಗಲೇ ಅದನ್ನು ಕಾರ್ಮಿಕನಿಗೆ ತಿಳಿಸಿರಬೇಕು, ತಿಳಿಸಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕನದು ಎಂಬುದು ಅದರ ಸಾರ. ಮಣ್ಣು ಅಗೆದ ಕೂಲಿಗಳು ಗೆದ್ದುಕೊಂಡ ಈ ತತ್ವ ದೇಶದ ಎಲ್ಲ ಹಂಗಾಮಿ ಕೆಲಸಗಾರರಿಗೂ ಉಪಕಾರಕ್ಕೆ ಬಂತು.

ಸರ್ಕಾರಿ ದಿನಗೂಲಿಗಳ ಕಥೆ ಹೀಗೆ ನೇರವಾಗಿ ಸಾಗಲಿಲ್ಲ. 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿಗಳ ಸಂಘದ ಮೊಕದ್ದಮೆಯಲ್ಲಿ, ದೀರ್ಘಕಾಲ ದುಡಿದವರನ್ನು ಹಂತಹಂತವಾಗಿ ಕಾಯಂ ಮಾಡುವ ಯೋಜನೆಗೆ ಸುಪ್ರೀಂ ಕೋರ್ಟಿನ ಸಮ್ಮತಿ ಸಿಕ್ಕಿತು. ಹದಿನಾರು ವರ್ಷಗಳ ನಂತರ, 2006ರ ಏಪ್ರಿಲಿನಲ್ಲಿ, ಕರ್ನಾಟಕ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳನ್ನು ಕುರಿತ ಉಮಾದೇವಿ ಪ್ರಕರಣದಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಬೇರೆ ದಾರಿ ಹಿಡಿಯಿತು. ನಿಯಮದಂತೆ ನೇಮಕವಾಗದ ಹಂಗಾಮಿಗಳು ಕಾಯಮಾತಿಯನ್ನು ಹಕ್ಕಿನಂತೆ ಕೇಳಲಾಗದು ಎಂದಿತು. ಹಿಂಬಾಗಿಲ ನೇಮಕವನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಆದರೆ ಅದನ್ನೇ ಹಿಡಿದುಕೊಂಡು ಇಪ್ಪತ್ತು ವರ್ಷ ದುಡಿದವರನ್ನೂ ಹೊರಗಟ್ಟುವ ಪದ್ಧತಿ ಬೆಳೆಯಿತು. 2024ರ ಡಿಸೆಂಬರಿನಲ್ಲಿ, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ವರ್ಷಗಟ್ಟಲೆ ಕಸ ಗುಡಿಸಿದವರನ್ನು ದಿಢೀರನೆ ತೆಗೆದುಹಾಕಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ದುರ್ಬಳಕೆಯನ್ನು ಟೀಕಿಸಿ, ಅವರನ್ನು ಕಾಯಂಗೊಳಿಸಲು ಆದೇಶಿಸಿತು.

ಮಾತಿನ ಏಟು

ಇಷ್ಟು ಹೊತ್ತು ಹೇಳಿದ್ದು ಕೆಲಸ ಕಳೆದುಕೊಂಡ ಪ್ರಶ್ನೆ. ಕಾಂಚಿಯಲ್ಲಿ ಮಯೂರಶರ್ಮನನ್ನು ಕೆರಳಿಸಿದ್ದು ಅವಮಾನ. ಅದರ ಬಗ್ಗೆ ಕಾನೂನು ಏನು ಹೇಳುತ್ತದೆ?

ಕೆಲಸದ ಸ್ಥಳದ ಕಿರುಕುಳವನ್ನೇ ಕುರಿತು ನಿಯಮ ಮಾಡಿದ ಮೊದಲ ದೇಶ ಸ್ವೀಡನ್. 1993ರಲ್ಲಿ ಅದು ಹೊರಡಿಸಿದ ನಿಯಮಾವಳಿ, ಸಹೋದ್ಯೋಗಿಯನ್ನು ಪದೇಪದೇ ಹೀಯಾಳಿಸಿ ಒಂಟಿ ಮಾಡುವುದನ್ನು ತಡೆಯುವ ಹೊಣೆಯನ್ನು ಮಾಲೀಕನ ಮೇಲಿಟ್ಟಿತು. 2002ರಲ್ಲಿ ಫ್ರಾನ್ಸ್ ಮಾನಸಿಕ ಕಿರುಕುಳವನ್ನು ಅಪರಾಧವೆಂದು ಮಾಡಿತು. 2019ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ದುಡಿಮೆಯ ಜಗತ್ತಿನ ಹಿಂಸೆ ಮತ್ತು ಕಿರುಕುಳದ ವಿರುದ್ಧ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ತರಬೇತಿಯಲ್ಲಿರುವವರು, ಕೆಲಸದಿಂದ ತೆಗೆಯಲ್ಪಟ್ಟವರು, ಕೆಲಸ ಕೇಳಿ ಬಂದವರು ಎಲ್ಲರೂ ಅದರ ರಕ್ಷಣೆಯೊಳಗೆ ಬರುತ್ತಾರೆ.

ನಮ್ಮಲ್ಲಿ ಎಲ್ಲ ಬಗೆಯ ಕಿರುಕುಳಕ್ಕೂ ಅನ್ವಯಿಸುವ ಒಂದೇ ಕಾಯಿದೆ ಇಲ್ಲ. ತುಂಡುತುಂಡಾಗಿ ರಕ್ಷಣೆ ಇದೆ. ಲೈಂಗಿಕ ಕಿರುಕುಳದ ಬಗ್ಗೆ 1997ರ ವಿಶಾಖಾ ತೀರ್ಪಿನಿಂದ ಆರಂಭವಾಗಿ 2013ರ ಕಾಯಿದೆಯವರೆಗೆ ಸ್ಪಷ್ಟ ವ್ಯವಸ್ಥೆಯಾಗಿದೆ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರಿಗೆ ಸಾಮಾನ್ಯವಾಗಿ ಮೂರು ತಿಂಗಳ ಗಡುವು. ಎರಡು ದಿನಕ್ಕೆಂದು ಕೆಲಸಕ್ಕೆ ಬಂದ ಹೆಂಗಸಿಗೂ, ಮನೆಗೆಲಸದವಳಿಗೂ ಇದು ಅನ್ವಯ. ಪರಿಶಿಷ್ಟ ಜಾತಿ ಮತ್ತು ಪಂಗಡದವರನ್ನು ಜಾತಿಯ ಕಾರಣಕ್ಕೆ ಸಾರ್ವಜನಿಕವಾಗಿ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯಿದೆ ಇದೆ. ಬೆದರಿಕೆ ಹಾಕಿದರೆ, ಕೈ ಮಾಡಿದರೆ ಪೊಲೀಸು ಠಾಣೆಗೆ ಹೋಗಬಹುದು. ಇವು ಯಾವುವೂ ಅಲ್ಲದ ದಿನನಿತ್ಯದ ಹೀಯಾಳಿಕೆಗೆ ಪ್ರತ್ಯೇಕ ಹೆಸರನ್ನು ನಮ್ಮ ಕಾನೂನು ಇನ್ನೂ ಕೊಟ್ಟಿಲ್ಲ.

ಆದರೆ ವಜಾ ಪ್ರಕರಣದ ಮೂಲಕ ಈ ಹೀಯಾಳಿಕೆ ನ್ಯಾಯಾಲಯದೊಳಗೆ ಬರುವುದುಂಟು. 1993ರಲ್ಲಿ ತೀರ್ಮಾನವಾದ ಯಾದವ್ ಪ್ರಕರಣವನ್ನು ನೋಡಬಹುದು. ಎಂಟು ದಿನಕ್ಕಿಂತ ಹೆಚ್ಚು ಗೈರುಹಾಜರಾದ ಕಾರಣ ಕೆಲಸ ತಾನಾಗಿ ಹೋಯಿತು ಎಂದಿತು ಕಾರ್ಖಾನೆ. ನಾನು ಬಂದಿದ್ದೆ, ಗೇಟಿನಲ್ಲೇ ತಡೆದು ಒಳಗೆ ಬಿಡಲಿಲ್ಲ ಎಂದ ಕಾರ್ಮಿಕ. ವಿಚಾರಣೆ ನಡೆಸದೆ, ಅವನ ಮಾತು ಕೇಳದೆ ಹೊಟ್ಟೆಪಾಡನ್ನು ಕಿತ್ತುಕೊಳ್ಳುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಅವನನ್ನು ಮರಳಿ ಸೇರಿಸಲು ಹೇಳಿತು. ಆದೇಶ ಸೌಮ್ಯವಾಗಿ ಬರೆದಿದ್ದರೂ ಅದರ ಹಿಂದೆ ಶಿಕ್ಷೆಯ ಉದ್ದೇಶವಿದೆಯೇ ಎಂದು ಪರದೆ ಸರಿಸಿ ನೋಡಬಹುದು ಎಂಬ ತತ್ವವನ್ನು ಪ್ರೊಬೇಷನರಿ ಅಧಿಕಾರಿಯೊಬ್ಬರ 1984ರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿದಿತ್ತು. ಬೆದರಿಸಿ ಬರೆಸಿಕೊಂಡ ರಾಜೀನಾಮೆಯೂ ರಾಜೀನಾಮೆಯಲ್ಲ. ಆದರೆ ಬೆದರಿಕೆಯನ್ನು ಸಾಬೀತು ಮಾಡುವ ಭಾರ ನೌಕರನ ಮೇಲೆ ಬೀಳುತ್ತದೆ.

ಇಂದಿನ ಬಾಗಿಲುಗಳು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1947ರ ಕಾಯಿದೆಯ ಸ್ಥಾನದಲ್ಲಿ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ಕರ್ನಾಟಕ 1988ರಲ್ಲಿ ತೆರೆದ ನೇರ ಬಾಗಿಲು ಹಳೆಯ ಕಾಯಿದೆಯೊಂದಿಗೇ ಮುಚ್ಚಿತು. ಈಗ ಮೊದಲು ಸಂಧಾನಾಧಿಕಾರಿಯ ಬಳಿ ಹೋಗಬೇಕು. ವಿವಾದ ಹುಟ್ಟಿದ ಎರಡು ವರ್ಷಗಳ ಮೇಲೆ ಅವರು ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ರಾಜಿಯಾಗದಿದ್ದರೆ, ಅವರ ವರದಿ ಕೈಸೇರಿದ 90 ದಿನಗಳೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ.

ನಿಶ್ಚಿತ ಅವಧಿಯ ನೌಕರಿಗೆ ಹೊಸ ಸಂಹಿತೆಯಲ್ಲಿ ಪ್ರತ್ಯೇಕ ಸ್ಥಾನವಿದೆ. ಅದೇ ಕೆಲಸ ಮಾಡುವ ಕಾಯಂ ನೌಕರನಿಗಿಂತ ಕಡಿಮೆ ವೇತನ, ಸೌಲಭ್ಯ ಕೊಡುವಂತಿಲ್ಲ. ಒಂದು ವರ್ಷ ಪೂರೈಸಿದವರಿಗೆ ಗ್ರಾಚ್ಯುಯಿಟಿ ಉಂಟು. ಆದರೆ ಅವಧಿ ಮುಗಿದಾಗ ನವೀಕರಿಸದಿದ್ದರೆ ಪ್ರಶ್ನಿಸುವುದು ಕಷ್ಟ. ಅವಧಿಗೆ ಮೊದಲೇ, ಆರೋಪ ಹೊರಿಸಿ, ವಿಚಾರಣೆಯಿಲ್ಲದೆ ಹೊರಹಾಕಿದ್ದರೆ ಪ್ರಶ್ನಿಸಬಹುದು. ಈ ವ್ಯತ್ಯಾಸ ತಿಳಿಯದೆ ಅನೇಕರು ‘ಹೇಗೂ ಹಂಗಾಮಿ ಕೆಲಸ’ ಎಂದು ಸುಮ್ಮನಾಗುತ್ತಾರೆ.

ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ, ಕಾರ್ಮಿಕರ ಪ್ರತಿನಿಧಿಗಳು ಸಮನಾಗಿರಬೇಕು. ಒಬ್ಬ ಕಾರ್ಮಿಕನೂ ಒಂದು ವರ್ಷದೊಳಗೆ ಅಲ್ಲಿ ದೂರು ಕೊಡಬಹುದು. ಕೆಲಸ ಹೋಗುವ ಮೊದಲೇ ಅವಮಾನದ ಮಾತನ್ನು ಬರವಣಿಗೆಯಲ್ಲಿ ಇಡಲು ಇರುವ ಹತ್ತಿರದ ಬಾಗಿಲು ಇದೇ.

ಅಂಗಡಿ, ಹೋಟೆಲು, ವಾಣಿಜ್ಯ ಕಚೇರಿಗಳ ನೌಕರರಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 39ನೆಯ ಕಲಮು ಇದೆ. ಸತತ ಆರು ತಿಂಗಳು ಕೆಲಸ ಮಾಡಿದವರನ್ನು ಯುಕ್ತ ಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಅಥವಾ ಸಂಬಳವಿಲ್ಲದೆ ತೆಗೆಯುವಂತಿಲ್ಲ. ತೆಗೆದರೆ ಮೇಲ್ಮನವಿಗೆ ಅವಕಾಶವಿದೆ. ಶಿಕ್ಷಕರು ಕಾರ್ಮಿಕರಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದೆ. ಖಾಸಗಿ ಶಾಲೆಯ ಶಿಕ್ಷಕರಿಗೆ 1983ರ ಕರ್ನಾಟಕ ಶಿಕ್ಷಣ ಕಾಯಿದೆಯಡಿ ಬೇರೆ ದಾರಿಯಿದೆ. ವಿಚಾರಣೆಯಿಲ್ಲದೆ ವಜಾ ಮಾಡಿದರೆ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ವ್ಯವಸ್ಥಾಪಕರಂಥ ಹುದ್ದೆಯವರಿಗೆ ಸಾಮಾನ್ಯವಾಗಿ ಉಳಿಯುವುದು ಸಿವಿಲ್ ನ್ಯಾಯಾಲಯ. ಅಲ್ಲಿ ಪರಿಹಾರ ಸಿಗಬಹುದು, ಖಾಸಗಿ ಕೆಲಸ ಮರಳಿ ಸಿಗುವುದು ಅಪರೂಪ. ಬಾಕಿ ಸಂಬಳದ ಮಟ್ಟಿಗೆ ಹೇಳುವುದಾದರೆ, ಕೆಲಸ ಹೋದ ಎರಡು ಕೆಲಸದ ದಿನಗಳೊಳಗೆ ಅದನ್ನು ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ.

ಇವೆಲ್ಲಕ್ಕೂ ವಕೀಲರ ಶುಲ್ಕ ಎಲ್ಲಿಂದ ತರುವುದು ಎಂಬ ಚಿಂತೆ ಸಹಜ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ನೆರವು ಪಡೆಯುವ ಹಕ್ಕಿದೆ. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ, ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿದರೆ ಸಾಕು.

ಈ ಇತಿಹಾಸದುದ್ದಕ್ಕೂ ಗೆದ್ದವರನ್ನು ಗಮನಿಸಿದರೆ ಒಂದು ಮಾತು ಹೊಳೆಯುತ್ತದೆ. ಅವರ ಕೈಯಲ್ಲಿ ದಿನಗಳ ಲೆಕ್ಕವಿತ್ತು, ಮತ್ತು ಅವರು ದೂರನ್ನು ದೂರಾಗಿ ದಾಖಲಿಸಿದ್ದರು. ನೇಮಕದ ಪತ್ರ, ಹಾಜರಿಯ ಚೀಟಿ, ಸಂಬಳ ಜಮೆಯಾದ ಪಾಸ್‌ಬುಕ್, ಮೇಲಿನವರು ಕಳಿಸಿದ ಸಂದೇಶ ಇವನ್ನು ಜೋಪಾನ ಮಾಡಬೇಕು. ಬೈದ ದಿನ, ಹೊತ್ತು, ಕೇಳಿಸಿಕೊಂಡವರ ಹೆಸರು ಬರೆದಿಡಬೇಕು. ಬಾಯಿಮಾತಿನಲ್ಲಿ ಬರಬೇಡ ಎಂದರೆ, ಬಂದಿದ್ದೆ, ಸೇರಿಸಿಕೊಳ್ಳಲಿಲ್ಲ ಎಂದು ಅಂದೇ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಬೇಕು. ಓದದೆ ಯಾವ ಕಾಗದಕ್ಕೂ ಸಹಿ ಮಾಡಬಾರದು. ಗಡುವುಗಳನ್ನು ಮರೆಯಬಾರದು.

ತಾಳಗುಂದದ ಕಂಬದಲ್ಲಿ ಮಯೂರಶರ್ಮನ ಅವಮಾನ ದಾಖಲಾದದ್ದು ಅದು ನಡೆದು ಸುಮಾರು ನೂರು ವರ್ಷಗಳ ಮೇಲೆ, ಅವನ ವಂಶದವರು ಅರಸರಾಗಿದ್ದುದರಿಂದ. ಸೋತಿದ್ದರೆ ಆ ಜಗಳದ ಸುದ್ದಿ ನಮಗೆ ತಲುಪುತ್ತಲೇ ಇರಲಿಲ್ಲ. ಬೆಳಗಾವಿಯ ಕೂಲಿಗಳ, ಜಲಮಂಡಳಿಯ ನೌಕರರ ಅಹವಾಲು ಉಳಿದುಕೊಂಡಿರುವುದು ಅವರು ಅರಸರಾದದ್ದರಿಂದಲ್ಲ, ಒಂದು ಅರ್ಜಿ ಬರೆದದ್ದರಿಂದ. ಶಿಕಾರಿಪುರದ ಅಂಗಡಿಯಲ್ಲಿ ನಿನ್ನೆ ಕೆಲಸ ಕಳೆದುಕೊಂಡ ಹುಡುಗನಿಗೂ ಅಷ್ಟು ಮಾಡಲು ಸಾಧ್ಯವಿದೆ.